ಅವ್ವನ ಕಾಯಿಲೆಯ ಹೆಸರು

ಕಾಲುವೆಗೆ ನೀರು ಬಿಟ್ಟ ವಾರ ನನ್ನ ಲಂಗದ ಲಾಡಿ ಗಿಡ್ಡವಾಯಿತು. ದೋರನಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುವ ನಾನು ಗ್ಯಾಸ್ ಎಂದು ಲೆಕ್ಕ ಹಾಕಿದೆ. ಎರಡು ತಿಂಗಳು ಅಜವಾನ ಅಗಿದೆ. ಹೊಟ್ಟೆ ಇಳಿಯಲಿಲ್ಲ.

ಸ್ಕ್ಯಾನ್ ಆಯಿತು. ಓವರಿ ಕ್ಯಾನ್ಸರ್.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು, ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಕೇಳಿದರು. ಜೊತೆಗೆ ಬಂದಿದ್ದ ಅಕ್ಕ ನನಗಿಂತ ಮೊದಲೇ ಇಲ್ಲ ಎಂದಳು. ಅವ್ವ ಕಾಮಣಿ, ಅಂದರೆ ಕಾಮಾಲೆ, ಆಗಿ ಸತ್ತಳೆಂದೇ ನಾನೂ ತಿಳಿದಿದ್ದೆ. ಆಗ ನನಗೆ ಆರು ವರ್ಷ. ಡಾಕ್ಟರು ಫೈಲಿನಲ್ಲಿ ಇಲ್ಲವೆಂದೇ ಬರೆದುಕೊಂಡರು.

ಆಪರೇಷನ್. ಆರು ಕೀಮೋ. ಕೂದಲು ಹೋಯಿತು, ರೊಟ್ಟಿ ಸೇರದೆ ಗಂಜಿಗೆ ಇಳಿದೆ. ನಡುವೆ ಜೀನ್ ಟೆಸ್ಟಿಗೆಂದು ರಕ್ತ ಕಳಿಸಿದ್ದರು. ವರದಿ ಬಂದ ದಿನ ಡಾಕ್ಟರು ಅದನ್ನೂ ನನ್ನ ಫೈಲನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಬಿಆರ್‌ಸಿಎ ಎಂಬ ಜೀನಿನಲ್ಲಿ ದೋಷವಿದೆ, ಅದು ಹೆತ್ತವರಿಂದ ಬಂದದ್ದು, ಇಂಥವರಿಗೆ ಕ್ಯಾನ್ಸರ್ ಮರಳದಂತೆ ತಡೆಯುವ ಬೇರೆ ಗುಳಿಗೆ ಇದೆ ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಫೈಲ್ ಒಂದು ಹೇಳ್ತದ, ರಕ್ತ ಇನ್ನೊಂದು ಹೇಳ್ತದ. ನೀವೂ ಟೆಸ್ಟ್ ಮಾಡಿಸ್ಬೇಕ್ರಿ."

ಅಕ್ಕ ನೆಲ ನೋಡಿದಳು. "ಅವ್ವಗ ಎದಿಯಾಗ ಗಂಟಾಗಿತ್ರಿ. ಹೆಣ್ಣಮಕ್ಕಳ ಮದಿವಿ ಆಗಂಗಿಲ್ಲಂತ ಅಪ್ಪ ಕಾಮಣಿ ಅನ್ರಿ ಅಂದಿದ್ದ."

ನಲವತ್ತು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

ಡಾಕ್ಟರು ಫೈಲಿನ ಹಳೇ ಸಾಲು ಹೊಡೆದು ಹೊಸದು ಬರೆದರು. ನನಗೆ ಗುಳಿಗೆಯ ಜೊತೆ ವರ್ಷಕ್ಕೊಮ್ಮೆ ಎದೆಯ ಎಂಆರ್‌ಐ ಕೂಡ ಸೇರಿತು.

ಅಕ್ಕ ಮಾತ್ರ ರಕ್ತ ಕೊಡಲು ಒಪ್ಪಲಿಲ್ಲ. ಅವಳ ಮಗಳನ್ನು ನೋಡಲು ಹುಣಸಗಿಯವರು ಬರುವವರಿದ್ದರು. ಮದುವೆ ಮುಗಿಯಲಿ ಎಂದಳು. ಅಷ್ಟರಲ್ಲಿ ನಿನಗೇ ಬಂದರೆ ಎಂದು ಕೇಳಿದೆ. ಹದಿನೈದು ದಿನ ಮಾತು ಬಿಟ್ಟಳು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ರಕ್ತ ಕೊಟ್ಟು ಬಂದಳು.

ಅವಳಿಗೆ ಆ ದೋಷ ಇಲ್ಲ. ಹಾಗಾಗಿ ಅವಳ ಮಗಳಿಗೂ ಅದು ಅವಳಿಂದ ಬಂದಿಲ್ಲ. ನನಗೆ ಸಂತೋಷವಾಯಿತು. ಸುಳ್ಳೇಕೆ, ಹೊಟ್ಟೆಕಿಚ್ಚೂ ಆಯಿತು.

ನನ್ನ ಮಗಳಿಗೆ ಹದಿನೇಳು. ಅವಳಿಗೆ ಬಂದಿರಬಹುದು, ಬಾರದೆಯೂ ಇರಬಹುದು. ಅರ್ಧಕ್ಕೆ ಅರ್ಧ ಎಂದಿದ್ದಾರೆ. ಹದಿನೆಂಟು ತುಂಬಿದ ಮೇಲೆ ಟೆಸ್ಟು. ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ.

ಅವಳು ನನ್ನ ಗುಳಿಗೆಯ ಡಬ್ಬಿ ತೆಗೆದು ಮುಂದಿಟ್ಟಳು.

"ನಿನಗ ತಡಾ ಆಗಿ ಗೊತ್ತಾತು ಯವ್ವಾ. ನನಗ ಮೊದ್ಲ ಗೊತ್ತಾತಲ್ಲ."

ಅಷ್ಟು ಹೇಳಿ ಎದ್ದು, ನನ್ನ ಗುಳಿಗೆಗೆ ನೀರು ತಂದಳು.