ಮೂಳೆ ಡಾಕ್ಟರ ಮನೆಯ ಇಪ್ಪತ್ತೆರಡು ಮೆಟ್ಟಿಲು

ಆಸ್ಪತ್ರೆಯಲ್ಲಿ ಅವರಿಗೆ ಸುತ್ತಿಗೆ ಡಾಕ್ಟರು ಎಂದೇ ಹೆಸರು. ಮೂವತ್ತೊಂದು ವರ್ಷ ಮುರಿದ ತೊಡೆಗಳಿಗೆ ರಾಡು ಹೊಡೆದವರು. ಮೂಳೆ ಯಾಕೆ ಮುರಿಯಿತು ಎಂದು ಕೇಳುವ ಪುರುಸೊತ್ತೇ ಇರಲಿಲ್ಲ. ಮುರಿದದ್ದು ಬಂತು, ಕೂಡಿಸಿದರು, ಕಳಿಸಿದರು.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಲೈಬ್ರರಿಯಲ್ಲಿ ಏಣಿ ಹತ್ತಿ ಇಳಿದು ನಿವೃತ್ತಳಾದವಳು. ಆ ಸಂಬಳದಲ್ಲೇ ತಮ್ಮನನ್ನು ಓದಿಸಿದವಳು. ಒಂದು ದಿನ ಅಡುಗೆಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. "ಕೈ ತಾನೇ, ಆರು ವಾರ" ಎಂದು ತಮ್ಮ ಪ್ಲಾಸ್ಟರ್ ಹಾಕಿ ಕೈತೊಳೆದುಕೊಂಡರು. ಈ ವಯಸ್ಸಿನಲ್ಲಿ ನಿಂತಲ್ಲೇ ಬಿದ್ದು ಕೈ ಮುರಿದರೆ ಮೂಳೆ ಟೊಳ್ಳಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಅವರಿಗೆ ಗೊತ್ತಿತ್ತು, ಮಾಡಿಸಲಿಲ್ಲ. ಎರಡು ವರ್ಷದ ಮೇಲೆ ಅಕ್ಕ ಕಿಟಕಿ ಹಾಕಲು ತಿರುಗಿದಳು, ಅಷ್ಟೇ, ಬಿದ್ದಳು, ಸೊಂಟ ಮುರಿಯಿತು. ಅಂದು ಸುತ್ತಿಗೆ ಹಿಡಿಯಲು ಡಾಕ್ಟರಿಗೆ ಕೈ ಏಳಲಿಲ್ಲ. ಆಪರೇಷನ್ ಬೇರೆಯವರು ಮಾಡಿದರು.

ಅಲ್ಲಿಗೆ ಸುತ್ತಿಗೆ ಬಿಟ್ಟರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಜೊತೆಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಎಕ್ಸ್‌ರೇ ಕೋಣೆಯ ಪಕ್ಕ ಒಂದು ಮೇಜು ಹಾಕಿಕೊಂಡು, ಐವತ್ತು ದಾಟಿ ಕೈ ಮುರಿದುಕೊಂಡವರನ್ನೆಲ್ಲ ಹಿಡಿಹಿಡಿದು ಸ್ಕ್ಯಾನಿಗೆ ಕಳಿಸಿದರು. ಕುರ್ಚಿ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಸಿದರು. "ನಡೀರಿ, ಮೆಟ್ಟಿಲು ಹತ್ತಿ. ಕೂತ್ರೆ ಮೂಳೆ ಸವೆಯುತ್ತೆ" ಎಂದು ದಿನಕ್ಕೆ ನಲವತ್ತು ಸಲ ಹೇಳಿದರು.

ಮನೆಯಲ್ಲಿ ಮಾತ್ರ ದೀಪದ ಬುಡದಲ್ಲೇ ಕತ್ತಲೆ. ಅಕ್ಕ ಎದ್ದರೆ ಅವರ ಎದೆ ಧಸಕ್ಕೆನ್ನುತ್ತಿತ್ತು. ಎರಡನೇ ಸಲ ಸೊಂಟ ಮುರಿದವರನ್ನು ಅವರಷ್ಟು ನೋಡಿದವರು ಯಾರು? ಚಾಪೆ ಸುತ್ತಿಟ್ಟರು, ಬಚ್ಚಲಿಗೆ ಹಿಡಿಕೆ ಹಾಕಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಗಲಿಗೊಬ್ಬ ಆಯಾಳನ್ನು ಕಾವಲಿಟ್ಟರು. ಬೀದಿಗೆ ಇಪ್ಪತ್ತೆರಡು ಮೆಟ್ಟಿಲು. ಅಕ್ಕ ಅತ್ತ ಸುಳಿಯಕೂಡದು.

"ಒಂದ್ಸಲ ಕೆಳಗೆ ಕರ್ಕೊಂಡು ಹೋಗೋ. ಬೀದಿ ನೋಡಿ ವರ್ಷ ಆಯ್ತು."

"ಚಳಿ ಕಳೀಲಿ ಅಕ್ಕ."

"ನಿನ್ನ ರೋಗಿಗಳಿಗೆ ಚಳಿ ಇಲ್ವಾ?"

"ಅವ್ರು ಬಿದ್ರೆ ನಾನು ತಡ್ಕೋತೀನಿ."

ಅಕ್ಕ ಮತ್ತೆ ಕೇಳಲಿಲ್ಲ. ಕೇಳದಿದ್ದುದು ಡಾಕ್ಟರಿಗೆ ಹಾಯೆನಿಸಿತು, ನಾಚಿಕೆಯೂ ಆಯಿತು.

ಮಾರನೇ ವರ್ಷ ಅಕ್ಕನ ಸ್ಕ್ಯಾನ್ ರಿಪೋರ್ಟು ಬಂತು. ಮಾತ್ರೆ ಒಂದೂ ತಪ್ಪಿರಲಿಲ್ಲ, ಆದರೂ ಮೂಳೆ ಇನ್ನಷ್ಟು ಸವೆದಿತ್ತು. ಯಾರದೆಂದು ತಿಳಿಯದ ಕಿರಿಯ ಡಾಕ್ಟರಮ್ಮ ಅದನ್ನು ನೋಡಿ ಕೇಳಿದಳು: "ಈ ಪೇಷಂಟ್ ಹಾಸಿಗೆ ಹಿಡಿದಿದಾರಾ ಸರ್?"

"ಇಲ್ಲ. ನಾನೇ ಹಿಡಿಸಿದೀನಿ," ಎಂದು ಡಾಕ್ಟರು ಎದ್ದು ನೇರ ಮನೆಗೆ ಬಂದರು.

"ಅಕ್ಕ, ಚಪ್ಪಲಿ ಹಾಕ್ಕೋ. ಕೆಳಗೆ ಹೋಗೋಣ."

ಅಕ್ಕ ನಂಬದೆ ನೋಡಿದಳು, ಆಮೇಲೆ ಲಗುಬಗೆಯಿಂದ ತಲೆ ಬಾಚಿಕೊಂಡಳು. ಮೊದಲ ಮೆಟ್ಟಿಲ ಬಳಿ ನಿಂತು ಕಂಬಿ ಹಿಡಿದಳು. ಕೆಳಗೆ ಬೀದಿಯ ಬಿಸಿಲು, ಯಾರದೋ ಸೈಕಲ್ ಬೆಲ್ಲು. ಅವಳು ಒಂದು ಕಾಲು ಮುಂದಿಟ್ಟಳು. ಮರುಕ್ಷಣ ಹಿಂದಕ್ಕೆ ಎಳೆದುಕೊಂಡಳು.

"ನಾನಿದೀನಲ್ಲ ಅಕ್ಕ, ಹಿಡ್ಕೊಂಡಿದೀನಿ."

ಹಿಡಿದಿದ್ದರು, ನಿಜ. ಅವರ ಬೆರಳು ನಾಟಿ ಅಕ್ಕನ ತೋಳು ಕೆಂಪಾಗಿತ್ತು. ಅಕ್ಕ ತಮ್ಮನ ಮುಖ ನೋಡಿದಳು.

"ನಿನ್ನ ಮುಖ ನೋಡಿದ್ರೆ ನಾನು ಆಗ್ಲೇ ಬಿದ್ದು ಸತ್ತ ಹಾಗಿದೆ ಕಣೋ. ನಂಗೂ ಈಗ ಭಯ ಬಂದ್ಬಿಟ್ಟಿದೆ. ಒಳಗೆ ಕರ್ಕೊಂಡು ಹೋಗು."