ಗಂಗಾದೇವಿಯ ರೊಟ್ಟಿಯಾಟ

ಬೆಳಗಾವಿ ರಾಮತೀರ್ಥ ನಗರದ ಗಂಗಾದೇವಿ ಮಗಳನ್ನು ಮುದ್ದು ಮಾಡಿ ಕೆಡಿಸಿದ್ದಾಳೆ ಎಂಬುದು ಖಾನಾಪುರದ ಅತ್ತೆಮನೆಯವರ ತೀರ್ಪು. ಐದು ವರ್ಷದ ಸಾಕ್ಷಿ ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿ ಕಿರುಚುತ್ತಾಳೆ. ಜರಿಯಂಗಿ ತೊಡಿಸಿದರೆ ಮೈ ಪರಚಿಕೊಳ್ಳುತ್ತಾಳೆ. ತಲೆಯನ್ನಂತೂ ಮುಟ್ಟಗೊಡುವುದಿಲ್ಲ. ಇದು ಹಠವಲ್ಲ, ನಮಗೆ ನೇವರಿಸಿದಂತಿರುವ ಸ್ಪರ್ಶ ಅವಳಿಗೆ ಮುಳ್ಳು ಚುಚ್ಚಿದಂತೆ ಎಂದು ಅವಳನ್ನು ನೋಡಿದ ಥೆರಪಿಸ್ಟ್ ಬಿಡಿಸಿ ಹೇಳಿದ್ದರು. ಕೇಳುವವರು ಯಾರು? ಬೆನ್ನಿಗೆರಡು ಬಿದ್ದರೆ ಮಕ್ಕಳು ದಾರಿಗೆ ಬರುತ್ತಾರೆಂದು ನಂಬಿ, ಅದನ್ನೇ ಸಂಸ್ಕಾರ ಎಂದು ಕರೆಯುವ ಜನ ನಾವು.

ಮೂರನೇ ವರ್ಷಕ್ಕೆ ಹುಟ್ಟುಗೂದಲ ಜವಳ ತೆಗೆಸಲು ಕೂರಿಸಿದಾಗ ಮಂದಿಯೆಲ್ಲ ಸೇರಿ ಕೂಸಿನ ಕೈಕಾಲು ಅದುಮಿ ಹಿಡಿದಿದ್ದರು. ಒಂದು ಕಾಲು ಹಿಡಿದವಳು ಗಂಗಾದೇವಿಯೇ. ಮಗು ತನ್ನ ಕೈಯನ್ನೇ ಕಚ್ಚಿ ರಕ್ತ ಬರಿಸಿಕೊಂಡಿತು. ಶಾಸ್ತ್ರ ಅಲ್ಲಿಗೇ ನಿಂತಿತು. ಆಮೇಲೆ ಎಷ್ಟೋ ತಿಂಗಳು ಕೂಸು ತಾಯಿಯ ಕೈಗೂ ಬರಲಿಲ್ಲ.

ಆ ಕೈಯನ್ನು ಮಗು ಮತ್ತೆ ನಂಬುವಂತೆ ಮಾಡಿದ್ದು ರೊಟ್ಟಿಯಾಟ. ಗಟ್ಟಿಯಾಗಿ ಒತ್ತಿದರೆ ಇಂಥ ಮಕ್ಕಳಿಗೆ ಹಿತವೆನಿಸಬಹುದೆಂದು ಥೆರಪಿಸ್ಟ್ ಹೇಳಿದ್ದೇ ಸುಳಿವಾಯಿತು. ಹಳೆಯ ದಪ್ಪ ಕೌದಿ ಹಾಸಿ, ಸಾಕ್ಷಿಯನ್ನು ಅದರಲ್ಲಿ ಸುತ್ತಿ, ಜೋಳದ ರೊಟ್ಟಿಯಂತೆ ಬೆನ್ನು ಬಡಿಯುವುದು, ಮಗುಚಿ ಹಾಕುವುದು. ನಿಯಮ ಒಂದೇ: ಸಾಕ್ಷಿ "ಸುಟ್ಟತು" ಅಂದ ಕೂಡಲೇ ಕೈ ತೆಗೆಯಬೇಕು. ಮೊದಮೊದಲು ಅವಳು ಪರೀಕ್ಷೆ ಮಾಡುವವಳ ಹಾಗೆ ಸುಮ್ಮಸುಮ್ಮನೆ ಅನ್ನುತ್ತಿದ್ದಳು. ಗಂಗಾದೇವಿ ಪ್ರತಿ ಸಲವೂ ಕೈ ತೆಗೆದಳು. ಬೆನ್ನಿನಿಂದ ಭುಜಕ್ಕೆ, ಭುಜದಿಂದ ತಲೆಗೆ ಕೈ ಹೋಗಲು ವರ್ಷ ಕಳೆಯಿತು.

ಐದನೇ ವರ್ಷ ದಾಟಬಾರದೆಂದು ಅತ್ತೆ ಅಕ್ಕವ್ವ ಮತ್ತೆ ಜವಳದ ದಿನ ಇಟ್ಟರು. ಗಂಗಾದೇವಿ ಕೌದಿ ಹೊತ್ತುಕೊಂಡೇ ಖಾನಾಪುರಕ್ಕೆ ಹೋದಳು. ಮಷೀನ್ ಬೇಡ, ಕತ್ತರಿ ಸಾಕು ಎಂದು ಕ್ಷೌರದ ರಾಯಪ್ಪನಿಗೆ ಮೊದಲೇ ಹೇಳಿದಳು. ಶಾಸ್ತ್ರದಂತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಸೋದರಮಾವ, ನಂದಗಡದಿಂದ ಬಂದಿದ್ದ ತನ್ನ ಅಣ್ಣ ಉಳವಪ್ಪನಿಗೆ, ಆಟ ಕಲಿಸಿದಳು. ಕೌದಿ ತಂದದ್ದು ನೋಡಿ ನೆರೆಹೊರೆಯ ಹೆಂಗಸರು, ಸೊಸೆ ಮಲಗಲು ಬಂದಿದ್ದಾಳೋ ಏನೋ ಎಂದು ನಕ್ಕರು.

ಕೌದಿಯಲ್ಲಿ ಸುತ್ತಿದ ಸಾಕ್ಷಿಯನ್ನು ಉಳವಪ್ಪ ತೊಡೆಯ ಮೇಲಿಟ್ಟುಕೊಂಡ. ಗಂಗಾದೇವಿ ಬೆನ್ನು ಬಡಿಯತೊಡಗಿದಳು. ರಾಯಪ್ಪ ಕತ್ತರಿಯಾಡಿಸಿದ. ಒಂದು ಕುಚ್ಚು ಕೂದಲು ತಟ್ಟೆಗೆ ಬಿತ್ತು. ಮಗುವಿನ ಮೈ ಸೆಟೆದುಕೊಂಡಿತು.

"ಸುಟ್ಟತು."

ರಾಯಪ್ಪನ ಕತ್ತರಿ ಗಾಳಿಯಲ್ಲೇ ನಿಂತಿತು. ಅಕ್ಕವ್ವ ಮುಂದೆ ಬಂದರು. "ಅರ್ಧಾ ಜವಳ ಯಾರ ಮನ್ಯಾಗ ನಡದೈತಿ? ಗಟ್ಟಿ ಹಿಡಿಯೋ ಉಳವಪ್ಪ."

ಉಳವಪ್ಪನ ತೋಳುಗಳು ಬಿಗಿಯಾಗತೊಡಗಿದವು. ಎಲ್ಲರ ಕಣ್ಣೂ ಗಂಗಾದೇವಿಯ ಮೇಲೆ. ಸಾಕ್ಷಿಯ ಕಣ್ಣು ಮಾತ್ರ ಅವಳ ಕೈಗಳ ಮೇಲೆ.

ಗಂಗಾದೇವಿ ಎರಡೂ ಕೈ ಎತ್ತಿದಳು. "ಬಿಡೋ ಅಣ್ಣಾ. ಸುಟ್ಟತು ಅಂದಾಳ."

"ಮಂದಿ ಏನಂದಾರು?" ಎಂದರು ಅಕ್ಕವ್ವ.

"ಅನ್ಲಿ ಬಿಡ್ರಿ ಅತ್ತಿ. ಹ್ವಾದ ಸಲ ನಾನೂ ಹಿಡದಿದ್ದೆ. ಇನ್ನೊಮ್ಮೆ ಹಿಡದ್ರ ಈ ಕೂಸು ನನ್ನ ಕೈಗೆ ಸಿಗೂದಿಲ್ಲ."

ಉಳವಪ್ಪ ತೋಳು ಸಡಿಲಿಸಿದ. ಸಾಕ್ಷಿ ಓಡಲಿಲ್ಲ. ತೊಡೆಯಿಂದ ಜಾರಿ ನೆಲದ ಮೇಲೇ ಕೌದಿಯೊಳಗೆ ಮುದುಡಿಕೊಂಡಳು. ಬಾಗಿಲ ಬಳಿ ಹೆಂಗಸರ ಪಿಸುಮಾತು ಶುರುವಾಯಿತು. ಅಕ್ಕವ್ವ ತಟ್ಟೆಯಲ್ಲಿದ್ದ ಒಂದೇ ಕುಚ್ಚು ಕೂದಲು ನೋಡುತ್ತ ನಿಂತರು.

"ಉಳದದ್ದು ಯಾವಾಗ?"

"ಅಕಿ ಹೂಂ ಅಂದಾಗ."

ಕೌದಿಯೊಳಗಿನಿಂದ ಸಣ್ಣ ದನಿ ಬಂತು. "ಅವ್ವಾ, ಬಡಿ."