ದುಂಡು ಹಡಗಿನ ತಳ

ಹರಿಗೋಲು ಎಷ್ಟು ಸಲ ಸುತ್ತಿತೋ ನನಗೆ ಗೊತ್ತಿಲ್ಲ. ಕೇಳಿದವರಿಗೆ ಒಮ್ಮೆ ನಾಲ್ಕು ಎಂದಿದ್ದೇನೆ, ಇನ್ನೊಮ್ಮೆ ಲೆಕ್ಕವೇ ಸಿಗಲಿಲ್ಲ ಎಂದಿದ್ದೇನೆ. ಒಂದೇ ಸಲ, ಅದೂ ಪೂರ್ತಿ ಸುತ್ತಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಅವಳೂ ಅದರೊಳಗಿದ್ದಳು, ಅಪ್ಪನ ತಲೆಯನ್ನು ಎದೆಗೆ ಆನಿಸಿಕೊಂಡು. ಸುತ್ತುತ್ತಿದ್ದಾಗ ಅಪ್ಪ ಮಾತಾಡಿದರು ಎಂದು ನಾನು ನಂಬಿದ್ದೇನೆ. ಒಂದು ಮಾತೂ ಆಡಲಿಲ್ಲ ಎನ್ನುವುದು ಅವಳ ನೆನಪು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಇಬ್ಬರು ಸಾಕ್ಷಿಗಳು ಎರಡು ಬಗೆಯಾಗಿ ಹೇಳಿದರೆ ಏನು ಮಾಡಬೇಕೆಂದು ಒಂದು ಇಡೀ ವರ್ಷ ಪಾಠ ಕೇಳಿದ್ದೇನೆ. ಆ ಸಾಕ್ಷಿಗಳಲ್ಲಿ ಒಬ್ಬ ನಾನೇ ಆದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಅನುಮಾನವಿಲ್ಲದ ಸಂಗತಿಗಳು ಇಷ್ಟು. ಅಪ್ಪನ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಸಹಕಾರನಗರದ ಡಯಾಲಿಸಿಸ್ ಸೆಂಟರಿಗೆ ಕರೆದೊಯ್ಯುತ್ತಿದ್ದೆ. ಜಕ್ಕೂರಿನಾಚೆ, ಕೆರೆಯ ಕೆಳಗಿನ ಬಯಲಿನಲ್ಲಿ ಎದ್ದ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನಮ್ಮ ಮನೆ. ಅಪ್ಪನಿಗೆ ಮೆಟ್ಟಿಲು ಹತ್ತಲಾಗದು ಎಂದೇ ನೆಲಮಹಡಿ ಹುಡುಕಿದ್ದೆವು. ಆ ಅಕ್ಟೋಬರಿನಲ್ಲಿ ಮಳೆ ಬಿಡದೆ ಹೊಡೆದು ಕೆರೆ ಕೋಡಿ ಹರಿಯಿತು. ಒಂದು ಸರದಿ ಡಯಾಲಿಸಿಸ್ ತಪ್ಪಿತು. ಎರಡನೆಯದೂ ತಪ್ಪುವ ದಿನ ಬೆಳಗ್ಗೆ ಮನೆಯೊಳಗೆ ಮಂಡಿಯುದ್ದ ನೀರು, ಹೊರಗೆ ರಸ್ತೆಯಲ್ಲಿ ಎದೆಯುದ್ದ. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಸಮೇತ ಎತ್ತಿ ಮೆಟ್ಟಿಲ ತಿರುವಿನ ಕಟ್ಟೆಯ ಮೇಲಿಟ್ಟಿದ್ದೆವು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಕೂತರೂ ಎದೆಯಲ್ಲಿ ಗುಳುಗುಳು ಸದ್ದು. ಮೈಯಿಂದ ಹೊರಗೆ ಹೋಗಬೇಕಾದ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತಿತ್ತು.

"ಮೇನ್ ರೋಡ್‌ವರೆಗೂ ಕರ್ಕೊಂಡ್ ಬಂದ್ಬಿಡಿ ಸಾರ್, ಅಲ್ಲಿಂದಾಚೆ ನಮ್ ಜವಾಬ್ದಾರಿ" ಎಂದ ಆಂಬುಲೆನ್ಸಿನವನು ಫೋನಿನಲ್ಲಿ. ಮೇನ್ ರೋಡು ನಮಗೆ ಕಾಣುತ್ತಿತ್ತು. ಅಲ್ಲಿ ನಿಂತ ಜನ ನಮ್ಮ ಕಡೆ ಮೊಬೈಲು ಹಿಡಿದಿದ್ದೂ ಕಾಣುತ್ತಿತ್ತು. ರಬ್ಬರು ದೋಣಿಯೊಂದು ಬಂದು ಮುಂದಿನ ಬ್ಲಾಕಿನವರನ್ನು ಸಾಗಿಸಿ, ಮತ್ತೆ ಬರುತ್ತೇವೆಂದು ಹೋಗಿತ್ತು. ನಾನು ಕಂಟ್ರೋಲ್ ರೂಮಿಗೆ ಫೋನು ಮಾಡುತ್ತಲೇ ಇದ್ದೆ. ಎತ್ತಿದಾಗ ವಿಳಾಸ ಕೇಳಿದರು, ಮತ್ತೆ ಎತ್ತಿದಾಗ ಮತ್ತೆ ವಿಳಾಸ ಕೇಳಿದರು. ಕೊನೆಗೊಮ್ಮೆ ನಾನು ಅತ್ತೆನೆಂದು ಹೆಂಡತಿ ಹೇಳುತ್ತಾಳೆ. ಇರಬಹುದು.

ಇಲ್ಲಿ ಒಂದು ಹಳೆಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗದು.

ಅಪ್ಪ ಯಶವಂತಪುರದಾಚೆಯ ಒಂದು ಕಾರ್ಖಾನೆಯಲ್ಲಿದ್ದವರು. ಯುವಕರಾಗಿದ್ದಾಗ ಅವರನ್ನು ತರಬೇತಿಗೆಂದು ಒಂದು ಚಳಿಗಾಲ ರಷ್ಯಾಕ್ಕೆ ಕಳಿಸಿದ್ದರು. ಭಾನುವಾರಗಳಲ್ಲಿ ಹೋಗಲು ಜಾಗವಿಲ್ಲ, ಕೈಯಲ್ಲಿ ಕಾಸಿಲ್ಲ. ನೌಕಾಪಡೆಯ ಮ್ಯೂಸಿಯಮ್ಮಿನೊಳಗೆ ಬೆಚ್ಚಗಿರುತ್ತಿತ್ತೆಂದು ಅಲ್ಲಿಗೆ ಹೋಗಿ ಕೂರುತ್ತಿದ್ದರಂತೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಯುದ್ಧದ ಹಡಗಿನ ಮಾದರಿ. ಅದು ತಟ್ಟೆಯ ಹಾಗೆ ಪೂರ್ತಿ ದುಂಡಗಿತ್ತು.

ಅದನ್ನು ಕಟ್ಟಿಸಿದ ನೌಕಾಧಿಕಾರಿಯ ಬದುಕೇ ನಮ್ಮ ಮನೆಯ ಪುರಾಣವಾಯಿತು. ಹಡಗು ಕಟ್ಟುವವನ ಮಗನಾಗಿ ಹುಟ್ಟಿದ. ಕಪ್ಪು ಸಮುದ್ರದ ಯುದ್ಧದಲ್ಲಿ ಹೋರಾಡಿ ಸೋಲು ಕಂಡ. ಸೋತ ಮೇಲೆ ಉತ್ತರದ ಹಿಮದ ಊರಲ್ಲಿ ಕೂತು ಆವಿಯ ಹಡಗುಗಳನ್ನು ಕಟ್ಟಿಸಿದ. ಹಡಗುಗಳ ದಂಡು ಕಟ್ಟಿಕೊಂಡು ಅಮೆರಿಕದ ತೀರದವರೆಗೂ ಹೋದ. ಅಲ್ಲಿನ ಊರಿಗೆ ಬೆಂಕಿ ಬಿದ್ದಾಗ ಅವನ ನಾವಿಕರೇ ಆರಿಸಿದರು. ಆಮೇಲೆ ಅವನಿಗೊಂದು ಕಗ್ಗಂಟು ಎದುರಾಯಿತು. ಆಳವಿಲ್ಲದ ಅಳಿವೆಗಳನ್ನು ಕಾಯಬೇಕು, ಭಾರಿ ತೋಪುಗಳನ್ನು ಹೊರಬೇಕು, ಹಡಗಿನ ತಳ ನೆಲಕ್ಕೆ ತಾಗಬಾರದು. "ಕಮ್ಮಿ ನೀರಲ್ಲಿ ಜಾಸ್ತಿ ಭಾರ. ಏನ್ ಮಾಡ್ತೀಯ ಹೇಳು?" ಎಂದು ಅಪ್ಪ ಊಟದ ತಟ್ಟೆಯನ್ನೇ ಎತ್ತಿ ತೋರಿಸುತ್ತಿದ್ದರು. ಅವನು ದುಂಡಗೆ ಕಟ್ಟಿದ. ಮೊದಲನೆಯದನ್ನು ರಾಜಧಾನಿಯಲ್ಲಿ ಕಟ್ಟಿ, ಬಿಚ್ಚಿ, ತುಂಡುತುಂಡಾಗಿ ದಕ್ಷಿಣದ ತೀರಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಚಕ್ರವರ್ತಿ ಖುಷಿಯಾಗಿ ಆ ಬಗೆಯ ಹಡಗಿಗೆ ಅವನ ಹೆಸರನ್ನೇ ಇಡಿಸಿದ. ಅದೇ ಮುಳುವಾಯಿತು. ತೋಪು ಹಾರಿಸಿದರೆ ಹಡಗೇ ಬುಗುರಿಯಂತೆ ತಿರುಗುತ್ತದೆ, ಹೊಳೆಯ ಸೆಳವಿಗೆ ಸಿಕ್ಕರೆ ಸುತ್ತುತ್ತಾ ಸಮುದ್ರಕ್ಕೆ ಹೋಗುತ್ತದೆ ಎಂದು ಊರೆಲ್ಲ ನಕ್ಕಿತು. ನಗುವಾಗಲೆಲ್ಲ ಅವನ ಹೆಸರು ಹೇಳಿಯೇ ನಗಬೇಕಾಗಿತ್ತು. ಚಕ್ರವರ್ತಿ ಸತ್ತ ಮೇಲೆ ಹೊಸಬರು ಬಂದರು, ಅವನು ಮೂಲೆಗೆ ಸರಿದ.

"ಹೊಟ್ಟೆಕಿಚ್ಚಿನವರು ಹುಟ್ಟಿಸಿದ ಸುಳ್ಳು ಕಣೋ ಅದು. ತಿರುಗ್ತಿದ್ದದ್ದು ತೋಪಿನ ಪೀಠ, ಹಡಗಲ್ಲ. ಆಮೇಲೆ ಅದನ್ನೂ ಸರಿ ಮಾಡಿದ್ರು."

"ಹಾಗಾದ್ರೆ ಹಡಗು ತಿರುಗಲೇ ಇಲ್ವಾ ಅಪ್ಪಾ?"

"ಸ್ವಲ್ಪ ತಿರುಗಿರ್ಬೋದಪ್ಪ."

ನಾನು ಕಾಲೇಜು ಸೇರಿದ ಮೇಲೆ ಇದನ್ನೆಲ್ಲ ನಂಬುವುದನ್ನು ಬಿಟ್ಟೆ. ತಲಕಾಡಿನಲ್ಲಿ ಹರಿಗೋಲು ಕಂಡಿದ್ದ ಮನುಷ್ಯ ರಷ್ಯಾದ ಚಳಿಯಲ್ಲಿ ಕೂತು ಅದನ್ನೇ ಕಬ್ಬಿಣದ್ದು ಮಾಡಿಕೊಂಡಿದ್ದಾರೆ ಎಂದು ಅವರ ಮುಖಕ್ಕೇ ಹೇಳಿದೆ. "ನೋಡ್ಕೋ ಹೋಗು, ಪುಸ್ತಕದಲ್ಲಿದೆ" ಎಂದರು. ನಾನು ನೋಡಲಿಲ್ಲ. ಫೋನಿನಲ್ಲಿ ಎರಡು ನಿಮಿಷಕ್ಕೆ ಸಿಗುವ ಕಾಲ ಬಂದಾಗಲೂ ನೋಡಲಿಲ್ಲ. ನಿಜವಾಗಿದ್ದರೆ ನಾನು ಸೋಲುತ್ತಿದ್ದೆ, ಸುಳ್ಳಾಗಿದ್ದರೆ ಅವರು ಸೋಲುತ್ತಿದ್ದರು. ಎರಡೂ ಬೇಡವಾಗಿತ್ತು. ನಮ್ಮಿಬ್ಬರ ನಡುವೆ ಮಾತಿಗೆ ಉಳಿದಿದ್ದ ವಿಷಯ ಅದೊಂದೇ.

ಅಂಥ ಮನುಷ್ಯನ ಮುಂದೆ ಆ ಬೆಳಗ್ಗೆ ಒಂದು ಹರಿಗೋಲು ಬಂದು ನಿಂತಿತು.

ತಂದವನು ಈ ಊರಿನವನೇ, ಬಿಲ್ಡರು. ನಮ್ಮ ಕಟ್ಟಡ ನಿಂತ ಜಾಗ ಅವನ ಮನೆತನದ ಗದ್ದೆಯಾಗಿತ್ತು. ಕೆರೆಯ ಮೀನಿನ ಗುತ್ತಿಗೆಯೂ ಒಂದು ಕಾಲಕ್ಕೆ ಅವರದೇ. ಅಟ್ಟದಲ್ಲಿ ಬಿದ್ದಿದ್ದ ಬಿದಿರಿನ ಹರಿಗೋಲಿಗೆ ಪ್ಲಾಸ್ಟಿಕ್ ಶೀಟು ಹೊದಿಸಿಕೊಂಡು ಚಡ್ಡಿಯಲ್ಲಿ ಬಂದಿದ್ದ. ಕೊರಳಲ್ಲಿ ಚಿನ್ನದ ಸರ ಹಾಗೇ ಇತ್ತು.

"ಯಜಮಾನ್ರೇ, ಇಂಗೆ ಮಧ್ಯದಾಗೆ ಕುಂತ್ಕಳಿ. ಎದ್ರುಕೋಬ್ಯಾಡಿ, ನಾನಿವ್ನಿ."

"ನಿಮಗೆ ಇದನ್ನ ನಡೆಸೋಕೆ ಬರತ್ತಾ?" ಎಂದಳು ಹೆಂಡತಿ.

"ಉಡುಗ್ನಾಗಿದ್ದಾಗ ಬತ್ತಿತ್ತಕ್ಕಾ. ಈಗ ಬತ್ತದೋ ಇಲ್ವೋ ಇವತ್ತು ಗೊತ್ತಾಯ್ತದೆ."

ಅಪ್ಪ ಹರಿಗೋಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಗುವಿನಂಥದ್ದೇನೋ ಇತ್ತು ಎಂದು ಬರೆಯಬೇಕೆನಿಸುತ್ತದೆ. ಮುಖ ಊದಿಕೊಂಡಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಹಾಗಾಗಿ ಬರೆಯಲಾರೆ. ಮೂವರೂ ಸೇರಿ ಅವರನ್ನು ಇಳಿಸಿದೆವು. ವಾಂತಿ ಬಂದರೆ ಇರಲೆಂದು ಹೆಂಡತಿ ಒಂದು ಬಕೆಟ್ಟು ತೆಗೆದುಕೊಂಡಳು. ಒರೆಸಲು ಬೇಕಾದೀತೆಂದು ಅದರ ಹಿಡಿಗೆ ಅಪ್ಪನ ಪಂಚೆಯೊಂದನ್ನು ಗಂಟು ಹಾಕಿದ್ದಳು.

ಬ್ಲಾಕುಗಳ ನಡುವೆ ನಿಂತ ನೀರಿನಲ್ಲಿ ಸರಾಗವಾಗಿ ಹೋದೆವು. ಬಿಲ್ಡರು ಮುಂದೆ ಮಂಡಿಯೂರಿ ಹುಟ್ಟನ್ನು ನೀರಿಗಿಳಿಸಿ ತನ್ನತ್ತ ಎಳೆದುಕೊಳ್ಳುತ್ತಿದ್ದ. ತಡವಾಗುತ್ತಿದೆಯೆಂದು ನನಗೆ ತಡೆಯಲಾಗಲಿಲ್ಲ. ತೇಲಿಬಂದ ಹಲಗೆಯೊಂದನ್ನು ಹಿಡಿದು ನಾನೂ ಹಿಂದಿನಿಂದ ಹುಟ್ಟು ಹಾಕತೊಡಗಿದೆ. ಆಗಲೇ ಬಲಗಡೆ ಕುಸಿದ ಕಾಂಪೌಂಡಿನ ಕಿಂಡಿಯಿಂದ ನೀರಿನ ಸೆಳವು ಅಡ್ಡಲಾಗಿ ಬಂತು. ಹರಿಗೋಲು ತಿರುಗಿತು. ಮೇನ್ ರೋಡು ಎದುರಿನಿಂದ ಪಕ್ಕಕ್ಕೆ, ಪಕ್ಕದಿಂದ ಬೆನ್ನ ಹಿಂದಕ್ಕೆ ಹೋಯಿತು.

"ಸಾರ್, ನೀವು ಕೈ ಆಡಿಸ್ಬ್ಯಾಡಿ! ನಾನೊಂದ್ ಕಡೆ ಎಳ್ಯಾದು, ನೀವೊಂದ್ ಕಡೆ ಎಳ್ಯಾದು, ಇದೇನ್ ಸಂಸಾರ್ವಾ?"

"ಈ ನೀರೆಲ್ಲಿಂದ ಬರ್ತಿದೆ ರೀ?"

"ಕಾಲ್ವೆ ಸಾರ್. ಇಲ್ಲಿ ಕಾಲ್ವೆ ಇತ್ತು."

"ಈಗೆಲ್ಲಿದೆ?"

"ಮುಚ್ಚುದ್ವಿ." ಅವನು ತಿರುಗಿ ನೋಡಲಿಲ್ಲ. "ನಾವೇ ಮುಚ್ಚುದ್ದು. ಈಗ ಬಯ್ಯಬ್ಯಾಡಿ ಸಾರ್, ದಡ ಸೇರುದ್ಮ್ಯಾಲೆ ಬೈರಿ."

ಹರಿಗೋಲು ಸುತ್ತುತ್ತಲೇ ಇತ್ತು. ಕುಸಿದ ಗೋಡೆಯ ಕಬ್ಬಿಣದ ಸರಳುಗಳು ಹತ್ತಿರವಾಗುತ್ತಿದ್ದವು. ಅಪ್ಪನ ಎದೆಯ ಸದ್ದು ಜೋರಾಗಿತ್ತು. ಇಲ್ಲಿಯೇ ಇವರನ್ನು ಕಳೆದುಕೊಳ್ಳುತ್ತೇನೆ ಎಂಬುದು ನನಗೆ ಖಚಿತವಾಯಿತು. ಆ ಖಚಿತತೆಯನ್ನು ಮಾತ್ರ ನಾನು ಈಗಲೂ ಅನುಮಾನಿಸುವುದಿಲ್ಲ.

ಆಗ ಅಪ್ಪ ಹೇಳಿದರು, ಅಥವಾ ಹೇಳಿದರೆಂದು ನಾನು ನಂಬಿದ್ದೇನೆ: "ಆ ಹಡಗಿನ ತಳದಲ್ಲಿ ಪಟ್ಟಿ ಇತ್ತು ಕಣೋ. ಉದ್ದುದ್ದ ಪಟ್ಟಿಗಳು. ಇದಕ್ಕೇನೂ ಇಲ್ಲ, ತಿರುಗ್ದೆ ಏನ್ಮಾಡತ್ತೆ? ಹಿಂದೆ ಏನಾದ್ರೂ ಇಳಿಬಿಡು."

ನಾನು ಪಂಚೆಯ ತುದಿಯನ್ನು ಹರಿಗೋಲಿನ ಅಂಚಿಗೆ ಬಿಗಿದು ಬಕೆಟ್ಟನ್ನು ಹಿಂದಕ್ಕೆ ಎಸೆದೆ. ಅದು ನೀರು ತುಂಬಿಕೊಂಡು ಬಾಲದಂತೆ ಎಳೆಯತೊಡಗಿತು. ಸುತ್ತು ನಿಂತಿತು. ಬಿಲ್ಡರು ಎಳೆದ ಕಡೆಗೆ ಹರಿಗೋಲು ಹೋಯಿತು.

ಹೆಂಡತಿ ಹೇಳುವುದೇ ಬೇರೆ. ಬಕೆಟ್ಟು ಅವಳ ಕೈಯಿಂದ ಜಾರಿ ಬಿತ್ತು, ಪಂಚೆ ಬಿದಿರಿನ ಸೀಳಿಗೆ ಸಿಕ್ಕಿಕೊಂಡಿತು, ಅಷ್ಟೇ. "ಮಾವನವರ ಬಾಯಿ ನನ್ನ ಕಿವಿ ಪಕ್ಕದಲ್ಲೇ ಇತ್ತು ರೀ. ಮಾತಾಡಿದ್ರೆ ನಂಗ್ ಕೇಳಿಸ್ತಿರಲಿಲ್ವಾ?"

ಮೇನ್ ರೋಡು ಸೇರಿದೆವು. ಆಂಬುಲೆನ್ಸು ಇತ್ತು, ಮಾತು ತಪ್ಪಲಿಲ್ಲ. ಬ್ಯಾಟರಾಯನಪುರದ ಹತ್ತಿರ ಸರ್ವಿಸ್ ರಸ್ತೆಯಲ್ಲೂ ನೀರು ನಿಂತು ವಾಹನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೈರನ್ನು ಕೂಗುತ್ತಿತ್ತು, ಯಾರಿಗೂ ಸರಿಯಲು ಜಾಗವಿರಲಿಲ್ಲ. ಅಪ್ಪನ ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದ್ದರಿಂದ ಆಮೇಲೆ ಮಾತಿನ ಪ್ರಶ್ನೆಯೇ ಇರಲಿಲ್ಲ. ಸೆಂಟರಿನಲ್ಲಿ ಮಷೀನು ಖಾಲಿ ಮಾಡಿಸಿಕೊಂಡು ಕಾಯುತ್ತಿದ್ದರು. ಹಚ್ಚಿದರು. ರಕ್ತದೊತ್ತಡ ಕುಸಿಯಿತು, ನಿಲ್ಲಿಸಿದರು. ಮತ್ತೆ ಹಚ್ಚಿದರು, ಮತ್ತೆ ಕುಸಿಯಿತು. ಸಂಜೆಯಾಗುವ ಮೊದಲೇ ಅಪ್ಪ ಹೋದರು.

"ಅಷ್ಟೊಂದು ವಿಷ ರಕ್ತದಲ್ಲಿ ಸೇರಿರುವಾಗ ಯಾರೂ ಅರ್ಥವಾಗುವ ಹಾಗೆ ಮಾತಾಡೋದಿಲ್ಲ" ಎಂದರು ಡಾಕ್ಟರು, ನಾನು ಕೇಳಿದ್ದಕ್ಕೆ. ಹೀಗೆ ಕೇಳುತ್ತಿರುವುದೇಕೆ ಎಂಬಂತೆ ನನ್ನನ್ನು ನೋಡಿದರು.

ಏಕೆಂದರೆ, ಅಪ್ಪ ಮಾತಾಡಿದ್ದರೆ ಬದುಕಲು ನೋಡುತ್ತಿದ್ದರು ಎಂದಾಯಿತು. ನಮ್ಮೊಡನೆ ಇದ್ದರು ಎಂದಾಯಿತು. ಇಲ್ಲವಾದರೆ ನಾವು ಎಷ್ಟೋ ಹೊತ್ತಿನ ಹಿಂದೆಯೇ ಹೊರಟುಹೋಗಿದ್ದ ಒಬ್ಬರನ್ನು ಬುಟ್ಟಿಯಲ್ಲಿ ಹಾಕಿಕೊಂಡು ನೀರಿನಲ್ಲಿ ಸುತ್ತಿದೆವು, ಅಷ್ಟೇ.

ತಿಥಿಯ ಊಟಕ್ಕೆ ಬಿಲ್ಡರು ಬಂದಿದ್ದ. ಕೈ ತೊಳೆಯುವಲ್ಲಿ ಅವನನ್ನು ಹಿಡಿದು ಕೇಳಿದೆ.

"ಬಕೆಟ್ಟಾ? ನೀವೇ ಬಿಸಾಕುದ್ರಿ ಸಾರ್, ಸಿಟ್ನಾಗೆ. ಕಾಲ್ವೆ ಮುಚ್ಚಿದ್ದೀವಿ ಅಂದಿದ್ಕೆ ನನ್ ತಲೆಗೇ ಎಸುದ್ರಿ ಅಂದ್ಕಂಡೆ."

"ಅಪ್ಪ ಏನಾದರೂ ಅಂದರಾ?"

ಅವನು ಒದ್ದೆ ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದ. ನನಗೆ ಬೇಕಾದ ಉತ್ತರ ಯಾವುದೆಂದು ಅವನಿಗೆ ಗೊತ್ತಾಯಿತು. "ಅಂದಿರ್ಬೋದು ಸಾರ್" ಎಂದ. ದಯೆಯಿಂದ ಹುಟ್ಟಿದ ಸಾಕ್ಷಿಗೆ ಬೆಲೆಯಿಲ್ಲ.

ಕೆಲವು ತಿಂಗಳು ಕಳೆದ ಮೇಲೆ, ಇನ್ನು ಸೋಲಲು ಎದುರಾಳಿಯಿಲ್ಲ ಎಂದಾದಾಗ, ಆ ಹಡಗಿನ ಬಗ್ಗೆ ಹುಡುಕಿದೆ. ಹುಡುಕುವ ಮೊದಲೇ ನನ್ನ ವಾದವನ್ನು ನಾನೇ ಒಡೆದಿಟ್ಟಿದ್ದೆ. ಪಟ್ಟಿಗಳ ಮಾತನ್ನು ಅಪ್ಪ ನಾನು ಚಿಕ್ಕವನಿದ್ದಾಗಲೇ ಹೇಳಿರಬಹುದು, ಭಯದಲ್ಲಿ ಅದು ಮೇಲೆದ್ದು ಬಂದಿರಬಹುದು, ಬಂದ ದನಿಗೆ ನಾನು ಅವರ ಬಾಯಿ ಹಚ್ಚಿರಬಹುದು. ಆದ್ದರಿಂದ ಏನು ಸಿಕ್ಕರೂ ಹರಿಗೋಲಿನಲ್ಲಿ ನಡೆದದ್ದು ತೀರ್ಮಾನವಾಗುವುದಿಲ್ಲ. ಆದರೂ ಹಡಗಿನ ನಕ್ಷೆ ಸಿಕ್ಕಾಗ ಮೇಲಿನ ಚಿತ್ರ ಬಿಟ್ಟು ತಳದ ಚಿತ್ರವನ್ನು ದೊಡ್ಡದು ಮಾಡಿದೆ. ಒಂದೇ ಕಡೆ ನಂಬಬಾರದೆಂದು ಇನ್ನೊಂದು ಕಡೆಯ ವಿವರಣೆಯೊಂದಿಗೂ ತಾಳೆ ನೋಡಿದೆ.

ಕಪ್ಪು ಸಮುದ್ರದ ಆ ಮೊದಲ ದುಂಡು ಹಡಗಿನ ತಳ ಚಪ್ಪಟೆಯಾಗಿತ್ತು. ಅದರಡಿಯಲ್ಲಿ ಮುಂದಿನಿಂದ ಹಿಂದಕ್ಕೆ, ಒಂದರ ಪಕ್ಕ ಒಂದರಂತೆ, ಹನ್ನೆರಡು ಉದ್ದನೆಯ ಪಟ್ಟಿಗಳಿದ್ದವು.